ಜಗಳೂರು ದಾರಿಯಲ್ಲಿ ಏಳನೇ ನಂಬರ್ ಪ್ಲಗ್

ದಾವಣಗೆರೆಯಿಂದ ಬಿಳಿಚೋಡು ದಾಟಿ ಜಗಳೂರಿನತ್ತ ಹೊರಟರೆ ನೆಲದ ಚಹರೆ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಭದ್ರಾ ನಾಲೆಯ ಗದ್ದೆಗಳು, ತೆಂಗು, ಅಡಿಕೆ ಎಲ್ಲ ಹಿಂದೆ ಉಳಿಯುತ್ತವೆ. ಮುಂದೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹತ್ತಿಯ ಹೊಲಗಳು. ಹೊಲಗಳಾಚೆ ಕುರುಚಲು ಗಿಡಗಳ ಗುಡ್ಡಗಳು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವತನಕ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು ಮೊದಲಿನಿಂದಲೂ ಮಳೆಯ ದಾರಿ ಕಾಯುವ ಸೀಮೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ ಕೆರೆಗಳ ಅಂಗಳದಲ್ಲಿ ನೀರು ಕಂಡಿದೆ. ಆದರೂ ಹೊಲದ ಲೆಕ್ಕಾಚಾರ ಈಗಲೂ ಮುಗಿಲನ್ನು ನೋಡಿಯೇ ಆಗುವುದು.

ಇಂಥ ಊರಿನಲ್ಲಿ ಹಳೆಯ ಸಾಮಾನು ಬೇಗ ಗುಜರಿಗೆ ಹೋಗುವುದಿಲ್ಲ. ರಿಪೇರಿಯಾಗುವಷ್ಟು ದಿನ ರಿಪೇರಿ ಮಾಡಿಸಿ ಓಡಿಸುವುದು ಇಲ್ಲಿನ ಮನೆಗಳ ರೂಢಿ. ಹೀಗಾಗಿ ಈ ಕಡೆಯ ರಸ್ತೆಯಲ್ಲಿ ನಿಂತರೆ ಹೊಸ ಬೈಕುಗಳ ನಡುವೆ ಎಲ್ಲೋ ಒಂದು ‘ಡುಬು ಡುಬು ಡುಬು’ ಸದ್ದು, ಅದರ ಹಿಂದೆ ಒಂದು ಎಳೆ ನೀಲಿ ಹೊಗೆ ಇಂದಿಗೂ ಸಿಕ್ಕೀತು. ಅದು ಯೆಜ್ಡಿ. ಅಪ್ಪನ ಕಾಲದ್ದು. ಒಂದು ಕಾಲದಲ್ಲಿ ಈರುಳ್ಳಿ ಚೀಲ ಹೊತ್ತದ್ದು, ಹಾಲಿನ ಕ್ಯಾನು ಹೊತ್ತದ್ದು, ರಾತ್ರಿ ಕರೆಂಟು ಬಂತೆಂದರೆ ಬೋರ್‌ವೆಲ್ ಹತ್ತಿರ ಓಡಿದ್ದು. ಈಗ ಮಗ ಕಾಲೇಜಿಗೆ ಒಯ್ಯುತ್ತೇನೆ ಎನ್ನುತ್ತಾನೆ.

ಅಲ್ಲಿಂದ ಮನೆಯವರ ಚಿಂತೆ ಶುರು. ಕಾಲೇಜು ಎಂದರೆ ಪಕ್ಕದ ಬೀದಿಯಲ್ಲ. ಜಗಳೂರಿನಿಂದ ದಾವಣಗೆರೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್. ಚಿತ್ರದುರ್ಗವೂ ಹೆಚ್ಚುಕಡಿಮೆ ಅಷ್ಟೇ ದೂರ. 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್ ಕಾಲೇಜು, 2009ರಲ್ಲಿ ಆದ ದಾವಣಗೆರೆ ವಿಶ್ವವಿದ್ಯಾಲಯ, ಇವೆಲ್ಲ ಇರುವುದು ಅತ್ತ ಕಡೆ. ಬಸ್ಸು ತಪ್ಪಿದರೆ ಪರೀಕ್ಷೆ ತಪ್ಪೀತು. ಬೈಕು ಕೊಟ್ಟರೆ, ಅದು ನಡುದಾರಿಯಲ್ಲಿ ಕೈಕೊಟ್ಟರೆ? ಹಳೆಯ ಟೂ ಸ್ಟ್ರೋಕ್ ಗಾಡಿ ನಡುದಾರಿಯಲ್ಲಿ ನಿಂತಾಗ ಮೊದಲು ಕೈ ಹೋಗುವುದು ಸ್ಪಾರ್ಕ್ ಪ್ಲಗ್ಗಿನ ಕಡೆಗೆ. ಅದನ್ನು ಬಿಚ್ಚಿ, ಒರೆಸಿ, ಹಾಕಿ, ಕಿಕ್ ಹೊಡೆದರೆ ಬಹಳ ಸಲ ಗಾಡಿ ಎದ್ದುಬಿಡುತ್ತದೆ. ಹೀಗೆ ಎದ್ದುಬಿಡುವುದರಿಂದಲೇ ಪ್ಲಗ್ಗನ್ನು ಆರಿಸಿ ತರುವ ವಿಷಯವನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಈ ಗಾಡಿಯೂ ಅದರ ಪ್ಲಗ್ಗೂ ಎರಡೂ ಕನ್ನಡನಾಡಿನಲ್ಲೇ ಹುಟ್ಟಿದವು ಎನ್ನುವುದು ಇಂದಿನ ವಿದ್ಯಾರ್ಥಿಗಳಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ಲುಗಳು ತಯಾರಾಗತೊಡಗಿದವು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಹೊತ್ತಿತು. ಇರುವುದು ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಲಿವರೇ ಮುಂದಕ್ಕೆ ಬಾಗಿ ಗೇರ್ ಲಿವರ್ ಆಗುತ್ತಿತ್ತು. ಹೊಸಬರು ಅದನ್ನು ನೋಡಿ ಕಕ್ಕಾಬಿಕ್ಕಿಯಾಗುತ್ತಿದ್ದರು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಪೇಟೆಗೆ ಬಂದವು ನಿಜ, ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು. ಹಳೆಯದರ ನೆಂಟಸ್ತಿಕೆ ಹೆಸರಿನಲ್ಲಿ ಮತ್ತು ಟ್ಯಾಂಕಿನ ಚೆಲುವಿನಲ್ಲಿ ಮಾತ್ರ.

ಪ್ಲಗ್ಗಿನ ಕಥೆ ಬೆಂಗಳೂರಿನದು. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿರುವ ‘ಮೈಕೋ’, ಜರ್ಮನಿಯ ಬಾಷ್ ಕಂಪನಿಯ ತಂತ್ರಜ್ಞಾನದಲ್ಲಿ ಪ್ಲಗ್ಗುಗಳನ್ನು ತಯಾರಿಸಿತು. ಆಡುಗೋಡಿಯ ಅದರ ಕಾರ್ಖಾನೆಯಿಂದಾಗಿ ಬೆಂಗಳೂರಿನಲ್ಲಿ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರೇ ಉಳಿಯಿತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು. ಹಳ್ಳಿಯ ಕಡೆ ಮಾತ್ರ ‘ಒಂದು ಮೈಕೋ ಪ್ಲಗ್ ಕೊಡ್ರಿ’ ಎನ್ನುವ ಮಾತು ನಿಂತಿಲ್ಲ.

ತೊಡಕು ಇರುವುದೂ ಇಲ್ಲಿಯೇ. ಗಾಡಿ ಮಾಡಿದ ಕಾರ್ಖಾನೆ ಮುಚ್ಚಿತು, ಪ್ಲಗ್ ಮಾಡಿದ ಕಂಪನಿ ಹೆಸರು ಬದಲಿಸಿತು, ಜೊತೆಗೆ ಪ್ಲಗ್ಗಿನ ಮೇಲೆ ಬರೆಯುವ ಅಂಕೆಯ ಪದ್ಧತಿಯೂ ಬದಲಾಯಿತು. ಬಿಡಿಭಾಗದ ಅಂಗಡಿಯ ಕಟ್ಟೆಯ ಮುಂದೆ ಅಪ್ಪ, ಮಗ ಇಬ್ಬರೂ ನಿಂತರೆ ಮಾತು ಹೀಗೆ ಸಾಗುತ್ತದೆ:

‘ಏಳನೇ ನಂಬರ್ ಪ್ಲಗ್ ಕೊಡಿ ಅಣ್ಣಾ.’

‘ಯಾವ ಕಂಪನಿ ಏಳು ತಮ್ಮಾ?’

‘ಯಾವುದಾದ್ರೂ ಆಯ್ತು, ಏಳು ಇದ್ರೆ ಸಾಕು.’

ಅಷ್ಟರಲ್ಲಿ ಅಪ್ಪನ ಅಡ್ಡಮಾತು: ‘ಮೊದ್ಲು ನೂರಾ ಎಪ್ಪತ್ತೈದು ಅಂತ ಬರ್ತಿತ್ತು ನೋಡ್ರಿ, ಅದನ್ನೇ ಕೊಡ್ರಿ. ಇಲ್ಲಾಂದ್ರೆ ಅದಕ್ಕಿಂತ ದೊಡ್ಡ ನಂಬರ್ ಕೊಡ್ರಿ, ಇನ್ನೂ ತಂಪಿರ್ತೈತಿ.’

ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಮಾತನಾಡುತ್ತಿದ್ದಾರೆ. ಆದರೂ ಅಂಗಡಿಯವನು ಆ ‘ಯಾವ ಕಂಪನಿ’ ಎಂಬ ಪ್ರಶ್ನೆ ಕೇಳದೇ ಹೋಗಿದ್ದರೆ ತಪ್ಪು ಪ್ಲಗ್ ಮನೆಗೆ ಬರುತ್ತಿತ್ತು. ಅದು ಹೇಗೆ ಎಂದು ತಿಳಿಯಲು ಪ್ಲಗ್ಗಿನ ಒಳಗೆ ಸ್ವಲ್ಪ ಇಣುಕಬೇಕು.

ಪ್ಲಗ್ಗಿನ ಕೆಲಸ ಕಿಡಿ ಹಾರಿಸುವುದು, ಅಷ್ಟು ಎಲ್ಲರಿಗೂ ಗೊತ್ತು. ಅದಕ್ಕೆ ಇನ್ನೊಂದು ಕೆಲಸವೂ ಇದೆ. ತನ್ನ ತುದಿಗೆ ಹತ್ತಿದ ಬೆಂಕಿಯ ಕಾವನ್ನು ಅದು ಸಿಲಿಂಡರ್ ಹೆಡ್ಡಿಗೆ ದಾಟಿಸಬೇಕು. ನಡುವಿನ ತಂತಿಯ ಸುತ್ತ ಕಾಣುವ ಬಿಳಿಯ ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಕಾವು ಲೋಹದ ಕವಚಕ್ಕೆ ತಲುಪಲು ದೂರ ನಡೆಯಬೇಕು. ಊರೊಳಗಿನ ಕೊನೆಯ ಮನೆಯವನು ಬಸ್ ಸ್ಟ್ಯಾಂಡಿಗೆ ತಡವಾಗಿ ಬರುವ ಹಾಗೆ. ಇಂಥ ಪ್ಲಗ್ಗಿನ ತುದಿ ಬಿಸಿಯಾಗಿಯೇ ಇರುತ್ತದೆ. ಇದು ‘ಹಾಟ್’ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಕಾವು ಬೇಗ ಹೊರಗೆ ಹೋಗುತ್ತದೆ. ಇದು ‘ಕೋಲ್ಡ್’ ಪ್ಲಗ್. ಕಿಡಿಯ ಬಲಕ್ಕೂ ಈ ಹೆಸರುಗಳಿಗೂ ಸಂಬಂಧವಿಲ್ಲ. ಹಾಟ್ ಪ್ಲಗ್ ಹಾಕಿದರೆ ಗಾಡಿ ಜೋರಾಗಿ ಓಡುತ್ತದೆ ಎಂದು ತಿಳಿದ ಹುಡುಗರು ಎಲ್ಲ ಊರಿನಲ್ಲೂ ಇದ್ದಾರೆ. ಅದು ಬರೀ ಭ್ರಮೆ.

ಪಿಂಗಾಣಿಯ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದರೆ ಮಾತ್ರ ಅದರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಸುಮಾರು 850–900 ಡಿಗ್ರಿ ದಾಟಿತೋ, ಕಿಡಿಗೆ ಮುಂಚೆಯೇ ಆ ತುದಿ ಕೆಂಡವಾಗಿ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಇವೆರಡರ ನಡುವಿನ ದಾರಿಯಲ್ಲೇ ಪ್ಲಗ್ ಬದುಕಬೇಕು. ಟೂ ಸ್ಟ್ರೋಕಿನಲ್ಲಿ ಈ ದಾರಿ ಇನ್ನಷ್ಟು ಇಕ್ಕಟ್ಟು. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ ಪೆಟ್ರೋಲ್ ಉರಿದರೆ ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಗಂಟೆಗೆ 2,40,000 ಕಿಡಿ. ದಾವಣಗೆರೆ ತಲುಪುವಷ್ಟರಲ್ಲಿ ಒಂದು ಪ್ಲಗ್ ಇಷ್ಟು ಸಲ ಬೆಂಕಿ ಕಂಡಿರುತ್ತದೆ, ನಡುವೆ ಆರಿಕೊಳ್ಳಲು ಬಿಡುವಿಲ್ಲ. ಸಾಲದ್ದಕ್ಕೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆತಿರುತ್ತದೆ. ಹಳೆಯ ಯೆಜ್ಡಿಗೆ ಲೀಟರಿಗೆ 40–50 ಮಿಲಿಲೀಟರ್ ಹಾಕುವುದು ರೂಢಿ. ಆ ಎಣ್ಣೆ ಸುಡಬೇಕಾದರೆ ಪ್ಲಗ್ ಬಿಸಿ ಇರಬೇಕು, ಸತತ ಬೆಂಕಿ ತಡೆಯಬೇಕಾದರೆ ತಂಪಿರಬೇಕು. ಆಯ್ಕೆಯ ಕಷ್ಟವೆಲ್ಲ ಇದೇ.

ಈಗ ಅಂಕೆಗೆ ಬರೋಣ. ಹಳೆಯ ಮೈಕೋ-ಬಾಷ್ ಪ್ಲಗ್ಗುಗಳ ಮೇಲೆ 145, 175, 225 ಎಂಬಂಥ ಅಂಕೆಗಳಿರುತ್ತಿದ್ದವು. ಅಂಕೆ ದೊಡ್ಡದಾದಷ್ಟೂ ಪ್ಲಗ್ ತಂಪು. ಅಪ್ಪ ಕಲಿತದ್ದು ಈ ಪಾಠ. ಆಮೇಲೆ ಬಂದ ಬಾಷ್ ಪದ್ಧತಿಯಲ್ಲಿ ಹಳೆಯ 175 ಎಂಬುದು 7 ಆಯಿತು, 225 ಎಂಬುದು 5 ಆಯಿತು. ಅಂದರೆ ಈಗ ಅಂಕೆ ಚಿಕ್ಕದಾದಷ್ಟೂ ತಂಪು! ಜಪಾನಿನ ಎನ್‌ಜಿಕೆ ಕಂಪನಿಯದು ಇದಕ್ಕೆ ತಿರುಗುಮುರುಗು, ಅಲ್ಲಿ ಅಂಕೆ ದೊಡ್ಡದಾದಷ್ಟೂ ತಂಪು. ಅಮೆರಿಕದ ಚಾಂಪಿಯನ್‌ನಲ್ಲಿ ದೊಡ್ಡ ಅಂಕೆ ಎಂದರೆ ಬಿಸಿ. ಬಾಷ್‌ನ 7 ಎನ್‌ಜಿಕೆಯ 6ಕ್ಕೆ ಹತ್ತಿರ. ಬಾಷ್‌ನ 5 ಎನ್‌ಜಿಕೆಯ 7 ಮತ್ತು 8ರ ನಡುವೆ ಎಲ್ಲೋ ಬರುತ್ತದೆ. ಆದ್ದರಿಂದ ಎನ್‌ಜಿಕೆ ಏಳು ಬಿಚ್ಚಿ ಬಾಷ್ ಏಳು ಹಾಕಿದವನು ತನಗರಿವಿಲ್ಲದೆ ಒಂದು ಮೆಟ್ಟಿಲು ಬಿಸಿ ಪ್ಲಗ್ ಹಾಕಿರುತ್ತಾನೆ. ‘ದೊಡ್ಡ ನಂಬರ್ ಕೊಡ್ರಿ’ ಎಂದ ಅಪ್ಪ ಬಾಷ್‌ನ ಎಂಟು ಒಯ್ದರೆ ಇನ್ನೊಂದು ಮೆಟ್ಟಿಲು ಬಿಸಿಗೆ ಹೋಗಿರುತ್ತಾನೆ. ಅವನ ಉದ್ದೇಶ ಅದರ ಉಲ್ಟಾ ಇತ್ತು.

ಅಂಕೆಯ ಆಚೀಚೆಯ ಅಕ್ಷರಗಳೂ ಅಲಂಕಾರಕ್ಕೆ ಬರೆದವಲ್ಲ. ಎನ್‌ಜಿಕೆ ‘ಬಿ7ಎಚ್‌ಎಸ್’ ಎಂದರೆ ‘ಬಿ’ 14 ಮಿಲಿಮೀಟರ್ ಅಗಲದ ಮರೆಯನ್ನು, ‘ಎಚ್’ 12.7 ಮಿಲಿಮೀಟರ್ ಉದ್ದದ ಮರೆಯನ್ನು ಹೇಳುತ್ತದೆ. ‘ಎಚ್’ ಬದಲು ‘ಇ’ ಇದ್ದರೆ ಮರೆ 19 ಮಿಲಿಮೀಟರ್ ಉದ್ದ. ಬಾಷ್‌ನಲ್ಲಿ ಇದನ್ನೇ ‘ಎ’ ಮತ್ತು ‘ಸಿ’ ಅಕ್ಷರಗಳು ಹೇಳುತ್ತವೆ. ‘ಡಬ್ಲ್ಯು7ಎಸಿ’ ಎಂಬಲ್ಲಿ ಏಳರ ಪಕ್ಕದ ‘ಎ’ ಗಿಡ್ಡ ಮರೆಯ ಗುರುತು, ಕೊನೆಯ ‘ಸಿ’ ತಾಮ್ರದ ತಿರುಳಿನದು. ಮೈಸೂರಿನ ಹಳೆಯ ಗಾಡಿಗಳಿಗೆ ಬೇಕಾದದ್ದು ಗಿಡ್ಡ ಮರೆಯ ಪ್ಲಗ್. ಅಗಲ ಒಂದೇ ಆದ್ದರಿಂದ ಉದ್ದ ಮರೆಯದೂ ಅದರೊಳಗೆ ಸಲೀಸಾಗಿ ತಿರುಗುತ್ತದೆ. ತಿರುಗಿ ಆರು ಮಿಲಿಮೀಟರ್ ಒಳಗೆ ಚಾಚಿಕೊಂಡು ಪಿಸ್ಟನ್ನಿನ ನೆತ್ತಿಗೆ ಬಡಿದೀತು. ಬಡಿಯದಿದ್ದರೂ ಬೆಂಕಿಯಲ್ಲಿ ನಿಂತ ಮರೆ ಕೆಂಡವಾದೀತು. ಹೊಸ ಪ್ಲಗ್ಗನ್ನು ಹಳೆಯದರ ಪಕ್ಕ ಹಿಡಿದು ಉದ್ದ ನೋಡಲು ಒಂದು ನಿಮಿಷ ಸಾಕು, ಆದರೆ ಬಹಳ ಜನ ಆ ಒಂದು ನಿಮಿಷ ಕೊಡುವುದಿಲ್ಲ.

ಯಾವುದು ಸರಿ ಎಂಬುದನ್ನು ಗಾಡಿಯ ಜೊತೆ ಬಂದ ಪುಸ್ತಕ ಹೇಳಬೇಕು. ಪುಸ್ತಕ ಇಲಿಯ ಪಾಲಾಗಿದ್ದರೆ ಯೆಜ್ಡಿ ಬಲ್ಲ ಹಳೆಯ ಮೇಸ್ತ್ರಿಗಳೇ ಗತಿ. ಎನ್‌ಜಿಕೆಯಲ್ಲಿ ಆರು ಇಲ್ಲವೇ ಏಳು ಎಂಬುದು ಅವರಲ್ಲಿ ಸಾಮಾನ್ಯವಾಗಿ ಕೇಳುವ ಮಾತು. ಆ ಎರಡರ ನಡುವೆ ಯಾವುದು ಎಂದು ತೀರ್ಮಾನಿಸುವುದು ಗಾಡಿಯಷ್ಟೇ ಅಲ್ಲ, ಅದು ಓಡುವ ದಾರಿ.

ಜಗಳೂರು ತಾಲ್ಲೂಕಿನಲ್ಲಿ ಎರಡೂ ಬಗೆಯ ದಾರಿಗಳಿವೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಡೇರಿಗೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಪ್ಲಗ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಈ ಸೀಮೆಯಿಂದ ನಡೆದು ಹೋಗುವವರ ಜೊತೆ ನೀರು, ಬುತ್ತಿ ಹೊತ್ತು ಆಮೆನಡಿಗೆಯಲ್ಲಿ ಸಾಗುವ ಬೈಕಿನದೂ ಅದೇ ಪಾಡು. ಎಣ್ಣೆ, ಮಸಿ ಸೇರಿ ತುದಿ ಕಪ್ಪಾಗಿ ಒದ್ದೆಯಾಗುತ್ತದೆ. ಕೆಲವೊಮ್ಮೆ ಎರಡು ತುದಿಗಳ ನಡುವೆ ಕೂದಲೆಳೆಯಂಥ ಒಂದು ಕಣ ಅಡ್ಡ ಕೂತು ಕಿಡಿಯೇ ನಿಲ್ಲುತ್ತದೆ. ಇಲ್ಲಿ ಒಂದು ಮೆಟ್ಟಿಲು ಬಿಸಿ ಪ್ಲಗ್ ಒಳ್ಳೆಯದು. 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವಾದ ರಂಗಯ್ಯನದುರ್ಗದ ಕಾಡಿನ ಅಂಚಿನ ಹಳ್ಳಿಗಳ ದಾರಿಯೂ ನಿಧಾನದ್ದೇ. ಆದರೆ ಅಲ್ಲಿ ಏರಿನಲ್ಲಿ ಗಂಟು ಮೂಟೆ ಹೊತ್ತು ಎರಡನೇ ಗೇರಿನಲ್ಲಿ ಎಳೆಯುವ ಗಾಡಿ ವೇಗ ಕಡಿಮೆಯಿದ್ದರೂ ಕಾಯುತ್ತದೆ. ಸ್ಪೀಡೋಮೀಟರ್ ಒಂದನ್ನೇ ನೋಡಿ ಪ್ಲಗ್ ಆರಿಸುವಂತಿಲ್ಲ.

ಇನ್ನೊಂದು ಬಗೆಯದು ದಾವಣಗೆರೆ ರಸ್ತೆ ಮತ್ತು ತಾಲ್ಲೂಕನ್ನು ಹಾದು ಹೋಗುವ ಚಿತ್ರದುರ್ಗ–ಹೊಸಪೇಟೆ ಹೆದ್ದಾರಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹಿಂದೆ ಒಬ್ಬ ಗೆಳೆಯ, ಮುಂದೆ ನೇರ ರಸ್ತೆ, ಥ್ರಾಟಲ್ ಪೂರ್ತಿ. ಹಳ್ಳಿಯ ಓಡಾಟಕ್ಕೆಂದು ಹಾಕಿದ ಬಿಸಿ ಪ್ಲಗ್ ಇಲ್ಲಿ ಕೆಂಡವಾಗುತ್ತದೆ. ಎಂಜಿನ್ ಸದ್ದಿನಲ್ಲಿ ಕಟಕಟ ಎಂಬ ಒಂದು ದನಿ ಸೇರುತ್ತದೆ, ಎಳೆತ ಕುಂದುತ್ತದೆ. ಅದನ್ನು ಗಮನಿಸದೆ ಇನ್ನೂ ಥ್ರಾಟಲ್ ತಿರುಚಿದರೆ ಪಿಸ್ಟನ್ ನೆತ್ತಿಗೆ ತೂತು ಬೀಳಬಹುದು. ಅದಕ್ಕಿಂತ ಕೆಟ್ಟದ್ದು, ಉಬ್ಬಿದ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಗ್ಯಾರೇಜಿನವರು ‘ಸೀಜ್’ ಎನ್ನುವುದು ಇದಕ್ಕೇ. ಆ ಗಳಿಗೆಯಲ್ಲಿ ಹಿಂದಿನ ಚಕ್ರ ಬ್ರೇಕ್ ಹಿಡಿದಂತೆ ನಿಂತುಬಿಡುತ್ತದೆ, ಹಿಂದಿನಿಂದ ಲಾರಿ ಬರುತ್ತಿರುತ್ತದೆ. ಕ್ಲಚ್ ಹಿಡಿದರೆ ಚಕ್ರ ಬಿಡುಗಡೆಯಾಗುತ್ತದೆ. ಅದಕ್ಕೇ ಹಳೆಯ ಟೂ ಸ್ಟ್ರೋಕ್ ಸವಾರರು ಜೋರಾಗಿ ಹೋಗುವಾಗ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ ಇಟ್ಟಿರುತ್ತಿದ್ದರು. ಬೈಕಿನ ಕೀಲಿ ಕೊಡುವ ಅಪ್ಪ ‘ಹೆಲ್ಮೆಟ್ ಹಾಕ್ಕೊ’ ಎನ್ನುವುದರ ಜೊತೆಗೆ ಇದನ್ನೂ ಹೇಳಿಕೊಟ್ಟಿರಬೇಕು. ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ಆಗಿರಬೇಕು, ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣವಾಗಿರಬೇಕು ಎಂಬ ಮಾತು ಹೇಗೂ ಇದ್ದೇ ಇದೆ.

ಎಲ್ಲ ದೋಷವನ್ನೂ ಪ್ಲಗ್ಗಿನ ತಲೆಗೆ ಕಟ್ಟುವುದೂ ಸರಿಯಲ್ಲ. ಎಣ್ಣೆ ಕಡಿಮೆ ಬಿದ್ದಿದ್ದರೂ, ಕಾರ್ಬೊರೇಟರಿನ ಜೆಟ್ಟಿನಲ್ಲಿ ಕಸ ಕೂತು ಪೆಟ್ರೋಲ್ ಸಾಲದಾಗಿದ್ದರೂ, ಪಾಯಿಂಟ್ ಸೆಟ್ಟಿಂಗ್ ಮುಂದೆ ಹೋಗಿದ್ದರೂ ಎಂಜಿನ್ ಕಾಯುತ್ತದೆ. ಆಗ ತಂಪು ಪ್ಲಗ್ ಹಾಕುವುದು ಜ್ವರ ಬಂದವನ ಥರ್ಮಾಮೀಟರ್ ಬದಲಿಸಿದ ಹಾಗೆ. ಪ್ಲಗ್ ನಿಜವಾಗಿ ಒಳ್ಳೆಯ ಥರ್ಮಾಮೀಟರೇ. ಹತ್ತಾರು ಕಿಲೋಮೀಟರ್ ಒಂದೇ ಹದದಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ, ಸ್ವಲ್ಪ ತಣಿದ ಮೇಲೆ ಬಿಚ್ಚಿ ನೋಡಬೇಕು. ಮೂಗು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿದ್ದರೆ ಎಲ್ಲ ಕ್ಷೇಮ. ಕಪ್ಪಗೆ ಒದ್ದೆಯಿದ್ದರೆ ಎಣ್ಣೆ ಅಥವಾ ಪೆಟ್ರೋಲ್ ಹೆಚ್ಚು, ಇಲ್ಲವೇ ಪ್ಲಗ್ ತೀರ ತಂಪು. ಸುಣ್ಣದಂತೆ ಬೆಳ್ಳಗಾಗಿ ಸಣ್ಣ ಗುಳ್ಳೆಗಳೆದ್ದಿದ್ದರೆ ಗಾಡಿಯನ್ನು ಹೆದ್ದಾರಿಗೆ ಒಯ್ಯಬಾರದು.

ಬಣ್ಣ ಓದುವುದರಲ್ಲಿ ಹಳಬರೂ ಈಗ ಎಡವುವುದುಂಟು. 2000ದಲ್ಲಿ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂದಿತು. ಅದರಲ್ಲಿ ಪ್ಲಗ್ಗಿನ ಬಣ್ಣ ಮೊದಲಿಗಿಂತ ತೆಳುವಾಗಿಯೇ ಬರುತ್ತದೆ. ಅಪ್ಪನ ಕಣ್ಣಿಗೆ ‘ಬೆಳ್ಳಗಾಯ್ತು’ ಅನ್ನಿಸಿದ್ದು ಬಹಳ ಸಲ ಸರಿಯಾಗಿಯೇ ಇರುತ್ತದೆ. ಇನ್ನೊಂದು ಬದಲಾವಣೆ ಹಾಗೆ ನಿರುಪದ್ರವಿಯಲ್ಲ. 2023ರಿಂದ ಬಂಕುಗಳಿಗೆ ಬರತೊಡಗಿದ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವ ವಸ್ತು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿನಲ್ಲಿ ಅದು ಹರಿದಾಗ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದಂಥ ಸ್ಥಿತಿ ಬರುತ್ತದೆ, ಪ್ಲಗ್ ಮೊದಲಿಗಿಂತ ಕಾಯುತ್ತದೆ. ಇದಕ್ಕೆ ಮದ್ದು ಜೆಟ್ಟನ್ನು ಸ್ವಲ್ಪ ದೊಡ್ಡದು ಮಾಡಿಸುವುದು. ಬರೀ ಪ್ಲಗ್ ಬದಲಿಸಿದರೆ ಪಿಸ್ಟನ್ನಿಗೆ ಏನೂ ಉಪಕಾರವಾಗದು. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಈ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಬೇಕು. ರಜೆಗೆ ಊರಿಗೆ ಬಂದ ಹುಡುಗ ‘ಪ್ಲಗ್ ಹೋಗಿದೆ’ ಎಂದು ಬೈಯುವಾಗ ಹೋಗಿರುವುದು ಪೆಟ್ರೋಲ್ ಇದ್ದೀತು.

ಹಾಗಾದರೆ ಹೊಲಕ್ಕೂ ಕಾಲೇಜಿಗೂ ಒಂದೇ ಗಾಡಿ ಇರುವ ಮನೆ ಏನು ಮಾಡಬೇಕು? ಪುಸ್ತಕ ಹೇಳಿದ ಅಂಕೆಯನ್ನೇ ಹಿಡಿಯುವುದು ಮೊದಲ ಮಾತು. ಸಂದೇಹ ಬಂದರೆ ತಂಪಿನ ಕಡೆಗೆ ವಾಲುವುದು ಕ್ಷೇಮ. ತೀರ ತಂಪು ಪ್ಲಗ್ಗಿನಿಂದ ಆಗುವ ದೊಡ್ಡ ಅನಾಹುತವೆಂದರೆ ಗಾಡಿ ನಿಲ್ಲುವುದು, ಪ್ಲಗ್ ಬಿಚ್ಚಿ ಒರೆಸುವುದು, ಕೈ ಮಸಿಯಾಗುವುದು, ಮೊದಲ ಪೀರಿಯಡ್ ತಪ್ಪುವುದು. ತೀರ ಬಿಸಿ ಪ್ಲಗ್ಗಿನದು ಅಷ್ಟಕ್ಕೇ ಮುಗಿಯುವುದಿಲ್ಲ.

ಹಾಕುವ ಕೈಗೂ ಒಂದಿಷ್ಟು ಹದ ಬೇಕು. ಯೆಜ್ಡಿಯ ಹಳೆಯ ಆರು ವೋಲ್ಟ್ ಕಾಯಿಲ್‌ಗೆ ಕಿಡಿಯ ಸಂದು 0.6 ಮಿಲಿಮೀಟರ್ ಆಸುಪಾಸು ಸಾಕು. ಹೆಚ್ಚಾದರೆ ಬೆಳಗಿನ ಚಳಿಯಲ್ಲಿ ಕಿಕ್ ಹೊಡೆದೂ ಹೊಡೆದೂ ಕಾಲು ನೋವು. ಹೆಸರಿನಲ್ಲಿ ‘ಆರ್’ ಇರುವ ರೆಸಿಸ್ಟರ್ ಪ್ಲಗ್ ಈ ಪಾಯಿಂಟ್ ವ್ಯವಸ್ಥೆಗೆ ಅಗತ್ಯವಿಲ್ಲ. ಎಂಜಿನ್ ಕಾದಿರುವಾಗ ಪ್ಲಗ್ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ ಕಿತ್ತುಬರುತ್ತದೆ. ಹೊಸ ಪ್ಲಗ್ಗನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ವಾಷರ್ ಕೂತ ಮೇಲೆ ಪಾನದಲ್ಲಿ ಇನ್ನು ಅರ್ಧ ಸುತ್ತು ಇಲ್ಲವೇ ಸ್ವಲ್ಪ ಹೆಚ್ಚು ಬಿಗಿದರೆ ಸಾಕು. ಕೆಲವರು ಪೈಲ್ವಾನರಂತೆ ಪಾನದ ಮೇಲೆ ನಿಂತುಬಿಡುತ್ತಾರೆ. ತಂತಿ ಬ್ರಷ್ಷಿನಿಂದ ಪಿಂಗಾಣಿ ಉಜ್ಜುವುದೂ ಬೇಡ. ತಂತಿಯ ಲೋಹ ಪಿಂಗಾಣಿಗೆ ಹತ್ತಿಕೊಂಡರೆ ಕಿಡಿ ಅದರ ಮೇಲೇ ಹರಿದು ಕಳೆದುಹೋಗುತ್ತದೆ. ಪೇಟೆಯಲ್ಲಿ ನಕಲಿ ಪ್ಲಗ್ಗುಗಳೂ ಇವೆ. ಅಕ್ಷರ ಮಸುಕಾಗಿದ್ದರೆ, ಮರೆ ಒರಟಾಗಿದ್ದರೆ, ನಡುವಿನ ತುದಿ ಒಂದು ಪಕ್ಕಕ್ಕೆ ವಾಲಿದ್ದರೆ ಮುಟ್ಟಬಾರದು.

ಸರಿಯಾದ ಅಂಕೆ ಒಮ್ಮೆ ಗೊತ್ತಾದ ಮೇಲೆ ಅದನ್ನು ಕಂಪನಿಯ ಹೆಸರಿನ ಸಮೇತ ಟೂಲ್ ಬಾಕ್ಸಿನ ಮುಚ್ಚಳದ ಒಳಮೈ ಮೇಲೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳುವ ಸವಾರರಿದ್ದಾರೆ. ಮುಂದೆ ಗಾಡಿ ಯಾರ ಕೈಗೆ ಹೋದರೂ ಅಂಗಡಿಯ ಮುಂದೆ ‘ಯಾವ ಏಳು’ ಎಂಬ ತಕರಾರು ಇರುವುದಿಲ್ಲ. ಅದೇ ಪೆಟ್ಟಿಗೆಯೊಳಗೆ ಒಂದು ಪ್ಲಗ್ ಪಾನ, ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಪ್ಲಗ್, ಸಂದು ಮೊದಲೇ ಸರಿಮಾಡಿಟ್ಟದ್ದು. ಬಿಳಿಚೋಡಿನ ಆಚೆ ಗಾಡಿ ನಿಂತರೆ ಅಷ್ಟು ಸಾಮಾನು, ಹತ್ತು ನಿಮಿಷದ ಕೆಲಸ. ಎಂಜಿನ್ ತಣಿಯಲು ಬೇಕಾದ ಹೊತ್ತು ಬೇರೆ. ಅಷ್ಟು ಹೊತ್ತು ರಸ್ತೆ ಬದಿಯ ಬೇವಿನ ಮರದಡಿ ಕೂತುಕೊಳ್ಳಬೇಕಾಗುತ್ತದೆ.